ಡಚ್ ಜೋಡಿಪದಗಳನ್ನು ಎಲ್ಲಿ ಮುರಿಯಬೇಕು, ಒತ್ತು ಎಲ್ಲಿ ಹಾಕಬೇಕು?

ವೆಲ್ಡ್‌ಹೋವನ್ ಹೊಸಬ
ಎಲ್ಲರಿಗೂ ನಮಸ್ಕಾರ. ನೆದರ್‌ಲ್ಯಾಂಡ್ಸ್‌ಗೆ ಬಂದು ಎರಡು ವರ್ಷ ಆಯಿತು. ಇನ್‌ಬುರ್ಗರಿಂಗ್ (ಹೊರದೇಶದಿಂದ ಬಂದು ಇಲ್ಲಿ ನೆಲೆಸುವವರ) ಪರೀಕ್ಷೆಯಲ್ಲಿ ಓದುವುದು, ಕೇಳಿಸಿಕೊಳ್ಳುವುದು ಎರಡೂ ಪಾಸಾಗಿದೆ. ಮಾತಾಡುವ ಭಾಗ ಬಾಕಿ ಇದೆ. ನನ್ನ ತೊಂದರೆ ಅಲ್ಲೇ.

ಮೊನ್ನೆ ಪಕ್ಕದ ಮನೆ ಅಜ್ಜಿ ಸಿಕ್ಕಿದರು. ನಮ್ಮ ರೂಢಿಯಂತೆ ಊಟ ಆಯಿತಾ ಎಂದು ಕೇಳಿದೆ. ರಾತ್ರಿ ಊಟಕ್ಕೆ ಇಲ್ಲಿ ಆವೊಂಟ್ ಮತ್ತು ಏಟನ್ ಸೇರಿಸಿ ಒಂದೇ ಪದ. ಬರೆಯುವಾಗ ಆವೊಂಡ್ ಎಂದೇ ಬರೆಯುತ್ತಾರೆ. ನಾನು ನೋಡಿದ ಹಾಗೆ ಆ-ವೊನ್-'ಡೇ-ಟನ್ ಎಂದೆ. ಅವರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ, ಆಗಲೂ ಇಲ್ಲ. ಮೂರನೇ ಸಲ ಎರಡು ಪದ ಬಿಡಿಸಿ ಹೇಳಿದ ಮೇಲೆ ಮುಖ ಅರಳಿತು.

ತರಗತಿಯಲ್ಲಿ ಹೇಳಿಕೊಟ್ಟಿದ್ದು ಒಂದೇ ಮಾತು: ಜೋಡಿಪದದಲ್ಲಿ ಒತ್ತು ಮೊದಲಿಗೆ. ಹಾಗಾಗಿ ತೆರಿಗೆ ಇಲಾಖೆಯನ್ನು 'ಬೆಲಾಸ್ಟಿಂಗ್‌ಡೀನ್ಸ್ಟ್ ಎಂದೆ. ಅದೂ ತಪ್ಪು ಎಂದು ಸಹೋದ್ಯೋಗಿ ತಿದ್ದಿದರು. ಪುರಸಭೆ ಕಟ್ಟಡವನ್ನು 'ಸ್ಟಾಟ್‌ಹೌಸ್ ಎಂದೆ, ಅದೂ ತಪ್ಪಂತೆ. ಹಾಗಾದರೆ ನಿಯಮ ಏನು? ಪದ ಎಲ್ಲಿ ಮುರಿಯುತ್ತದೆ ಎಂದು ಕಂಡುಹಿಡಿಯುವುದು ಹೇಗೆ?

(ಒತ್ತು ಬೀಳುವ ತುಂಡಿನ ಮುಂದೆ ' ಗುರುತು ಹಾಕಿದ್ದೇನೆ. ನೀವೂ ಹಾಗೇ ಮಾಡಿದರೆ ಓದಲು ಸುಲಭ.)

ಶಿರಸಿ ಹುಡುಗ
ಒತ್ತು ಅಂದರೆ ಒತ್ತಕ್ಷರವಾ?

ವೆಲ್ಡ್‌ಹೋವನ್ ಹೊಸಬ
ಅಲ್ಲ. ಪದದ ಒಂದು ತುಂಡನ್ನು ಉಳಿದವಕ್ಕಿಂತ ಗಟ್ಟಿಯಾಗಿ, ಸ್ವಲ್ಪ ಎಳೆದು ಹೇಳುವುದು. ಕನ್ನಡದಲ್ಲಿ ಅದರಿಂದ ಅರ್ಥ ಬದಲಾಗುವುದಿಲ್ಲ. ಇಲ್ಲಿ ಬದಲಾಗುತ್ತದೆ.

ಆಮ್ಸ್ಟೆಲ್‌ವೇನ್ ಅಕ್ಕ
ನಿಮ್ಮ ತರಗತಿಯಲ್ಲಿ ಹೇಳಿದ್ದು ಸುಳ್ಳಲ್ಲ, ಅರ್ಧ ಮಾತು. ಒತ್ತು ಮೊದಲ ಸಿಲಬಲ್‌ಗೆ, ಅಂದರೆ ಉಚ್ಚಾರದ ಮೊದಲ ತುಂಡಿಗೆ ಅಲ್ಲ, ಮೊದಲ ಪದಕ್ಕೆ. ಆ ಪದ ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತೋ ಜೋಡಿಯಾದ ಮೇಲೂ ಅಲ್ಲೇ ಇರುತ್ತದೆ.

ತೆರಿಗೆಗೆ ಬೆ'ಲಾಸ್ಟಿಂಗ್ ಅನ್ನುತ್ತಾರೆ. ಒತ್ತು 'ಲಾ' ಮೇಲೆ. ಆದ್ದರಿಂದ ಬೆ'ಲಾಸ್ಟಿಂಗ್-ಡೀನ್ಸ್ಟ್. ಖೆ'ಮೇಂಟೆ ಅಂದರೆ ಪುರಸಭೆ, ಅದರ ಕಟ್ಟಡ ಖೆ'ಮೇಂಟೆ-ಹೌಸ್. ಸ್ಟಾ'ಶೋನ್ ಅಂದರೆ ರೈಲು ನಿಲ್ದಾಣ, ಅದರ ಮುಂದಿನ ಚೌಕ ಸ್ಟಾ'ಶೋನ್ಸ್-ಪ್ಲೈನ್. ಮೊದಲ ಪದದ ಒತ್ತು ಅದರ ಮೊದಲಲ್ಲೇ ಇದ್ದರೆ ನಿಮ್ಮ ನಿಯಮ ಸರಿಹೋಗುತ್ತದೆ. 'ಝೀಕನ್-ಹೌಸ್ ಆಸ್ಪತ್ರೆ, 'ಫೀಟ್ಸ್-ಪಾಟ್ ಸೈಕಲ್ ದಾರಿ, 'ವೋರ್-ಡ್ಯೂರ್ ಮುಂಬಾಗಿಲು.

ಹಾಗಾಗಿ ಮೊದಲು ಹೊಲಿಗೆ ಹುಡುಕಿ. ಅಂದರೆ ಎರಡು ಪದ ಸೇರಿದ ಜಾಗ. ಆಮೇಲೆ ಎಡಗಡೆಯ ಪದದ ಒತ್ತು ನೆನಪಿಸಿಕೊಳ್ಳಿ. ನೂರಕ್ಕೆ ನೂರು ಅಲ್ಲದಿದ್ದರೂ ಬಹುಪಾಲು ಪದ ಇದರಿಂದಲೇ ಬರುತ್ತವೆ. ಸ್ಟಾಟ್'ಹೌಸ್ ನಿಯಮ ಮೀರಿದ ಪದ, ಅದನ್ನು ಸುಮ್ನೆ ಕಲಿಯಬೇಕು. 'ಮೇಯರ್' ಕೂಡ ಅಂಥದ್ದೇ: ಬುರ್ಖೆ'ಮೇಸ್ಟರ್.

ಲೆಕ್ಕದ ಮನುಷ್ಯ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ನಾವು ತಡವರಿಸಿದರೆ ಅವರೇ ಇಂಗ್ಲಿಷಿಗೆ ಬರುತ್ತಾರೆ. ಪದ ಗೊತ್ತಿದ್ದರೆ ಸಾಕು. ಒತ್ತು ಹೆಚ್ಚುಕಮ್ಮಿ ಆದರೆ ಏನೂ ಆಗುವುದಿಲ್ಲ.

ಹಾಸನದ ಅಮ್ಮ
ಲೆಕ್ಕದವರೇ, ನಾನು ಒಪ್ಪುವುದಿಲ್ಲ. ನನ್ನ ಮಗಳಿಗೆ ಆಸ್ತಮಾ. ಒಂದು ಚಿಕಿತ್ಸಾಲಯಕ್ಕೆ ಹೋಗಿದ್ದೆ. ಇದನ್ನು ತಡೆಯುವುದು ಹೇಗೆ ಎಂದು ಕೇಳಬೇಕಿತ್ತು. ತಡೆಯುವುದಕ್ಕೆ ವೋರ್'ಕೋಮನ್. ನಾನು 'ವೋರ್ಕೋಮನ್ ಎಂದು ಮೊದಲಿಗೆ ಒತ್ತು ಕೊಟ್ಟೆ. ಅದರ ಅರ್ಥ 'ಸಂಭವಿಸುವುದು, ಕಂಡುಬರುವುದು'. ಅಲ್ಲಿದ್ದ ನರ್ಸ್ ಐದು ನಿಮಿಷ ಆಸ್ತಮಾ ಹೇಗೆ ಬರುತ್ತದೆ ಎಂದು ವಿವರಿಸಿದರು. ತಡೆಯುವ ಬಗ್ಗೆ ಒಂದು ಮಾತೂ ಇಲ್ಲ. ನಾನು ತಲೆ ಆಡಿಸಿ ಹೊರಗೆ ಬಂದೆ. ಮನೆಗೆ ಬಂದು ಯೋಚಿಸಿದಾಗ ತಪ್ಪು ಎಲ್ಲಾಯಿತು ಎಂದು ಹೊಳೆಯಿತು. ಅಕ್ಷರ ಒಂದೂ ಬದಲಾಗಿಲ್ಲ. ಅರ್ಥ ಪೂರ್ತಿ ಬೇರೆ.

ಲೆಕ್ಕದ ಮನುಷ್ಯ
ಅಮ್ಮ, ಇದು ಗೊತ್ತಿರಲಿಲ್ಲ. ಮಗಳು ಈಗ ಹೇಗಿದ್ದಾಳೆ?

ಹಾಸನದ ಅಮ್ಮ
ಚೆನ್ನಾಗಿದ್ದಾಳೆ ಮಾರಾಯರೇ. ಈಗ ಅವಳೇ ನನ್ನ ಡಚ್ ತಿದ್ದುತ್ತಾಳೆ.

ಲೇಡನ್ ವಿದ್ಯಾರ್ಥಿ
ಅಮ್ಮ ಹೇಳಿದ ಜೋಡಿಗೆ ವ್ಯಾಕರಣದ ಕೊಂಡಿಯೂ ಇದೆ. ಒತ್ತು ಮೊದಲ ತುಂಡಿನ ಮೇಲಿದ್ದರೆ ಕ್ರಿಯಾಪದ ಒಡೆಯುತ್ತದೆ: ಹೆಟ್ ಕೋಮ್ಟ್ 'ವೋರ್, ಅಂದರೆ ಅದು ಸಂಭವಿಸುತ್ತದೆ. ಭೂತಕಾಲದ ರೂಪದಲ್ಲಿ ನಡುವೆ 'ಖೆ' ಬಂದು 'ವೋರ್ಖೆಕೋಮನ್ ಆಗುತ್ತದೆ. ಒತ್ತು ಎರಡನೇ ತುಂಡಿನ ಮೇಲಿದ್ದರೆ ಪದ ಒಡೆಯುವುದೂ ಇಲ್ಲ, 'ಖೆ' ಬರುವುದೂ ಇಲ್ಲ. ವೋರ್'ಕೋಮನ್ ಹಾಗೇ ಉಳಿಯುತ್ತದೆ. ಒತ್ತು ಸರಿ ಗೊತ್ತಿದ್ದರೆ ಅರ್ಧ ವ್ಯಾಕರಣ ಬಿಟ್ಟಿ ಸಿಕ್ಕಿದ ಹಾಗೆ.

ನಾಮಪದದಲ್ಲೂ ಇಂಥವು ಇವೆ. 'ಆಖ್ಟರ್-ಔಟ್ಖಾಂಗ್ ಅಂದರೆ ಹಿಂಬಾಗಿಲು, ಹೊರಗೆ ಹೋಗುವ ಹಿಂದಿನ ದಾರಿ. ಆಖ್ಟರ್-'ಔಟ್ಖಾಂಗ್ ಅಂದರೆ ಇಳಿಮುಖ, ಹದಗೆಡುವುದು. 'ವೋರ್ನಾಮ್ ನಮ್ಮ ಹೆಸರಿನ ಮೊದಲ ಭಾಗ. ವೋರ್'ನಾಮ್ ಅಂದರೆ ಗಣ್ಯ. ಈ 'ನಾಮ್' ನಮ್ಮ 'ನಾಮ'ಕ್ಕೆ ದೂರದ ನೆಂಟ ಎನ್ನುವುದು ನನಗೆ ಯಾವಾಗಲೂ ಖುಷಿ ಕೊಡುತ್ತದೆ.

ತುಮಕೂರು ಮೇಷ್ಟ್ರು
ನಾನು ಡಚ್ ಕಲಿತವನಲ್ಲ. ಮಗ ರೋಟರ್‌ಡ್ಯಾಮಿನಲ್ಲಿದ್ದಾನೆ, ಆರು ತಿಂಗಳು ಅಲ್ಲಿದ್ದು ಬಂದೆ. ಕನ್ನಡ ಪಾಠ ಮಾಡಿದ ಅನುಭವದಿಂದ ಎರಡು ಮಾತು ಹೇಳುತ್ತೇನೆ.

ಹೊಸಬರು ಆವೊನ್-ಡೇಟನ್ ಎಂದದ್ದು ತಪ್ಪು ಕಲಿಕೆಯಿಂದಲ್ಲ, ಕನ್ನಡದ ಅಭ್ಯಾಸದಿಂದ. ನಾವು ಹಬ್ಬದ ಮತ್ತು ಊಟ ಸೇರಿಸಿ ಹಬ್ಬದೂಟ ಅನ್ನುತ್ತೇವೆ. 'ದ'ದಲ್ಲಿದ್ದ ಅಕಾರ ಬಿಟ್ಟುಹೋಗಿ ವ್ಯಂಜನ ಮುಂದಿನ ಸ್ವರದ ಜೊತೆ ಹೋಗುತ್ತದೆ. ಲೋಪ ಸಂಧಿ. ನಮ್ಮ ಲಿಪಿಯೂ ಅದನ್ನೇ ಹೇಳಿಕೊಡುತ್ತದೆ. ವ್ಯಂಜನಕ್ಕೆ ಮುಂದೆ ಸ್ವರ ಸಿಕ್ಕರೆ ಎರಡೂ ಸೇರಿ ಒಂದೇ ಅಕ್ಷರ. ಆದರೆ ಮಗನ ಮನೆಯಲ್ಲಿ ನಾನು ಗಮನಿಸಿದ್ದು ಇಷ್ಟು: ಡಚ್ಚರು ಜೋಡಿಪದದ ಹೊಲಿಗೆಯಲ್ಲಿ ಹೀಗೆ ಸೇರಿಸುವುದಿಲ್ಲ. ಎಡಗಡೆಯ ಪದ ಅಲ್ಲಿಗೆ ಮುಗಿಯಿತು. ಮುಗಿದ ಕಡೆ 'ಡ' ಇದ್ದರೆ ಅದು 'ಟ' ಆಗುತ್ತದೆ. ಅದಕ್ಕೇ ಆವೊಂಟ್-ಏಟನ್. ಆ 'ಟ' ಕೇಳಿಸಿದರೆ ಅಲ್ಲಿ ಹೊಲಿಗೆ ಇದೆ ಎಂದು ಕಿವಿಗೆ ಗೊತ್ತಾಗುತ್ತದೆ. ನೀವು 'ಡ' ಅಂದ ಕೂಡಲೇ ಆ ಗುರುತು ಅಳಿಸಿಹೋಯಿತು. ಅಜ್ಜಿಗೆ ತಿಳಿಯದೇ ಇದ್ದದ್ದು ಅದಕ್ಕೆ.

ಆದರೂ ಸಂಧಿ ಅಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಕರವಸ್ತ್ರಕ್ಕೆ ಝಾಕ್ ಮತ್ತು ಡೂಕ್ ಸೇರಿಸುತ್ತಾರೆ. ಬಾಯಲ್ಲಿ ಬರುವುದು 'ಝಾಗ್ಡೂಕ್. ನಮ್ಮಲ್ಲಿ ವಾಕ್ ಮತ್ತು ದೇವಿ ಸೇರಿ ವಾಗ್ದೇವಿ ಆಗುವ ಹಾಗೆ. ಇದನ್ನು ಕೇಳಿದ ದಿನ ನಾನು ಮಗನನ್ನು ಕೂರಿಸಿಕೊಂಡು ಜಶ್ತ್ವ ಸಂಧಿ ಮತ್ತೆ ಪಾಠ ಮಾಡಿದೆ.

ಲೇಡನ್ ವಿದ್ಯಾರ್ಥಿ
ಮೇಷ್ಟ್ರೇ, ತುಂಬಾ ಚೆನ್ನಾಗಿ ಹೇಳಿದಿರಿ. ಒಂದು ಸಣ್ಣ ವ್ಯತ್ಯಾಸ ಸೇರಿಸುತ್ತೇನೆ. ಜಶ್ತ್ವದಲ್ಲಿ ಮುಂದೆ ಸ್ವರ ಬಂದರೂ ವ್ಯಂಜನ ಬದಲಾಗುತ್ತದೆ: ಷಟ್ ಮತ್ತು ಆನನ ಸೇರಿ ಷಡಾನನ. ಡಚ್‌ನ ಜೋಡಿಪದದಲ್ಲಿ ಮುಂದೆ ಬ ಅಥವಾ ಡ ಬಂದರೆ ಮಾತ್ರ ಹೀಗೆ. ಸ್ವರ ಬಂದರೆ 'ಟ' 'ಟ'ವಾಗೇ ಇರುತ್ತದೆ. ಮುಖ್ಯ ದ್ವಾರಕ್ಕೆ 'ಹೋಫ್ಟ್-ಇಂಗಾಂಗ್ ಅನ್ನುತ್ತಾರೆ. ಬರೆಯುವುದು ಮಾತ್ರ ಹೋಫ್ಡ್.

ಎರಡು ಸ್ವರ ಎದುರಾದಾಗ ಏನು ಮಾಡುತ್ತಾರೆ ನೋಡಿ. ನಾವು ಯ ಅಥವಾ ವ ತಂದು ಮನೆಯಲ್ಲಿ, ಗುರುವನ್ನು ಅನ್ನುತ್ತೇವೆ. ಎರಡೂ ಸೇರಿ ಒಂದೇ ಸ್ವರ ಎಂದು ಓದುವ ಹಾಗಿದ್ದರೆ ಅವರು ಬರವಣಿಗೆಯಲ್ಲಿ ನಡುವೆ ಅಡ್ಡಗೆರೆ ಹಾಕುತ್ತಾರೆ. ಸಮುದ್ರದ ಬಾತುಕೋಳಿ ಝೇ-ಏಂಟ್. 1995ರ ಕಾಗುಣಿತ ಸುಧಾರಣೆಗೆ ಮುಂಚೆ ಅಲ್ಲಿ ಅಕ್ಷರದ ಮೇಲೆ ಎರಡು ಚುಕ್ಕಿ ಇಡುತ್ತಿದ್ದರು. ಸಂಖ್ಯೆಗಳಲ್ಲಿ ಇವತ್ತಿಗೂ ಚುಕ್ಕಿಯೇ. ಇಪ್ಪತ್ತೆರಡನ್ನು ಬರೆದು ನೋಡಿ, ಗೊತ್ತಾಗುತ್ತದೆ.

ಶಿರಸಿ ಹುಡುಗ
ಕನ್ನಡದಲ್ಲಿ ಇಂಥ ಗೊಂದಲ ಆಗುವುದಿಲ್ಲ ಅಲ್ವಾ?

ತುಮಕೂರು ಮೇಷ್ಟ್ರು
ಯಾಕಿಲ್ಲ ತಮ್ಮಾ. 'ಅವನಲ್ಲಿಲ್ಲ' ಬಿಡಿಸು ನೋಡೋಣ. ಅವನು ಅಲ್ಲಿ ಇಲ್ಲ ಎಂದೂ ಆಗುತ್ತದೆ. ಅವನಲ್ಲಿ ಇಲ್ಲ ಎಂದೂ ಆಗುತ್ತದೆ. ಮುಂದಿನ ಮಾತು ಕೇಳಿದ ಮೇಲೇ ನಿರ್ಧಾರ.

ಅಚ್ಚುಮೊಳೆ
ಪುಸ್ತಕದ ಪುಟ ಕಟ್ಟುವುದು ನನ್ನ ಕೆಲಸ. ಒಂದು ಡಚ್ ಪತ್ರಿಕೆಯ ಪುಟ ವಿನ್ಯಾಸ ಬೆಂಗಳೂರಿನಲ್ಲಿ ಕೂತು ಮಾಡುತ್ತಿದ್ದೆ. ಸಾಲಿನ ಕೊನೆಯಲ್ಲಿ ಪದ ಮುರಿಯುವುದೇ ದೊಡ್ಡ ತಲೆನೋವು. ಅಲ್ಲಿಯ ನಿಯಮ ಸ್ಪಷ್ಟ: ಜೋಡಿಪದವನ್ನು ಮೊದಲು ಹೊಲಿಗೆಯಲ್ಲಿ ಮುರಿಯಬೇಕು. ಆಮೇಲೆ ಬೇಕಾದರೆ ಒಳಗಿನ ಸಿಲಬಲ್‌ಗಳಲ್ಲಿ. ಆದರೆ ಹೊಲಿಗೆ ಎಲ್ಲಿದೆ ಎಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಟೆಕ್ (TeX) ಎಂಬ ಪುಟ ಜೋಡಿಸುವ ತಂತ್ರಾಂಶ ಬಳಸುವವರಿಗೆ ಫ್ರಾಂಕ್ ಲಿಯಾಂಗ್ ಹೆಸರು ಗೊತ್ತಿರುತ್ತದೆ. 1983ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪದ ಮುರಿಯುವ ವಿಧಾನದ ಮೇಲೆ ಪ್ರಬಂಧ ಬರೆದವರು. ಅಕ್ಷರಗಳ ಚಿಕ್ಕ ಚಿಕ್ಕ ಗುಂಪು ನೋಡಿ ಮುರಿಯುವ ಜಾಗ ಊಹಿಸುವುದು ಅವರ ದಾರಿ. ಇಂಗ್ಲಿಷಿಗೆ ಅದ್ಭುತವಾಗಿ ಕೆಲಸ ಮಾಡುತ್ತದೆ. ಡಚ್‌ನಲ್ಲಿ ಹೊಸ ಜೋಡಿಪದವನ್ನು ಯಾರು ಬೇಕಾದರೂ ಇವತ್ತೇ ಕಟ್ಟಬಹುದು. ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಲ್ಲಿ ಈ ವಿಧಾನ ಎಡವುತ್ತದೆ.

ಒಂದೇ ಅಕ್ಷರಸಾಲು ಎರಡು ರೀತಿ ಒಡೆಯುವ ಪದಗಳೂ ಇವೆ. ಕೆರ್ಸ್-ಟೊಮಾಟ್ಯೆಸ್ ಅಂದರೆ ಚೆರ್ರಿ ಟೊಮೇಟೊ. ಅದನ್ನೇ ಒಂದು ಅಕ್ಷರ ಆಚೆ ಒಡೆದರೆ ಕೆರ್ಸ್ಟ್-ಓಮಾಟ್ಯೆಸ್, ಕ್ರಿಸ್‌ಮಸ್ ಅಜ್ಜಿಯರು. ಬೊಮ್-ಮೆಲ್ಡಿಂಗ್ ಅಂದರೆ ಬಾಂಬ್ ಇದೆ ಎಂಬ ಸೂಚನೆ. ತಪ್ಪಾಗಿ ಮುರಿದರೆ ಬೊಮ್ಮೆಲ್-ಡಿಂಗ್. ಕ್ವಾರ್ಟ್-ಸ್ಲಾಖನ್ ಕಾಲು ಸುತ್ತುಗಳು, ಕ್ವಾರ್ಟ್ಸ್-ಲಾಖನ್ ಸ್ಫಟಿಕ ಶಿಲೆಯ ಪದರಗಳು. ನನಗೆ ಜಾಸ್ತಿ ಇಷ್ಟವಾದದ್ದು ಇದು: ಮಾ'ಸಾಝೆ-ಬೆಟ್ ಅಂದರೆ ಮಸಾಜ್ ಮಾಡುವ ಮಂಚ. ಅದೇ ಅಕ್ಷರಗಳನ್ನು 'ಮಾಸಾ-ಖೆಬೆಟ್ ಎಂದು ಒಡೆದರೆ ಸಾಮೂಹಿಕ ಪ್ರಾರ್ಥನೆ. ಇಲ್ಲಿ ಮುರಿಯುವ ಜಾಗ, ಒತ್ತು, ಉಚ್ಚಾರ ಮೂರೂ ಒಟ್ಟಿಗೆ ಬದಲಾಗುತ್ತವೆ. ಅನುಮಾನ ಬರುವ ಕಡೆ ನಡುವೆ ಅಡ್ಡಗೆರೆ ಹಾಕಲು ಅವರ ಕಾಗುಣಿತ ನಿಯಮ ಬಿಡುತ್ತದೆ. ನಾನು ಧಾರಾಳವಾಗಿ ಹಾಕುತ್ತಿದ್ದೆ.

ಆಮ್ಸ್ಟೆಲ್‌ವೇನ್ ಅಕ್ಕ
ಹೊಸಬರೇ, ಇದಕ್ಕೇ 'ಹಸಿರು ಪುಸ್ತಕ' ಇಟ್ಟುಕೊಳ್ಳಿ. ಡಚ್ ಭಾಷಾ ಒಕ್ಕೂಟ ಹೊರತರುವ ಅಧಿಕೃತ ಪದಪಟ್ಟಿ ಅದು. ಆನ್‌ಲೈನ್‌ನಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಪ್ರತಿ ಪದವನ್ನೂ ಎಲ್ಲಿ ಮುರಿಯಬಹುದು ಎಂದು ತೋರಿಸುತ್ತಾರೆ.

ಹೇಗ್ ಸೈಕಲ್ ಸವಾರ
ಮೊದಲ ಪದಕ್ಕೆ ಒತ್ತು ಎನ್ನುವುದನ್ನು ಇಷ್ಟು ಜೋರಾಗಿ ಹೇಳಬೇಡಿ ಅಕ್ಕ. ಬೀದಿ ಹೆಸರಲ್ಲೇ ಮುರಿದು ಬೀಳುತ್ತದೆ. ಆಮ್‌ಸ್ಟರ್‌ಡ್ಯಾಮಿನ 'ಕಾಲ್ವರ್ಸ್ಟ್ರಾಟ್ ಸರಿ, ಒತ್ತು ಮೊದಲು. ಆದರೆ ಕಾಲುವೆಗಳು? ಹೇರನ್'ಖ್ರಾಖ್ಟ್, ಪ್ರಿನ್ಸನ್'ಖ್ರಾಖ್ಟ್, ಕೈಸರ್ಸ್'ಖ್ರಾಖ್ಟ್. ಚೌಕಗಳು? ಲೈಟ್ಸೆ'ಪ್ಲೈನ್. ಎಲ್ಲ ಕೊನೆಗೆ.

ಆಮ್ಸ್ಟೆಲ್‌ವೇನ್ ಅಕ್ಕ
ಹೌದು, ಹೆಸರುಗಳನ್ನು ಬೇರೆ ಇಟ್ಟುಕೊಳ್ಳಬೇಕು. 'ಸ್ಟ್ರಾಟ್' (ಬೀದಿ) ಬಂದರೆ ಒತ್ತು ಅದರ ಎಡಗಡೆಯ ಪದಕ್ಕೆ ಸರಿಯುತ್ತದೆ. ಆದರೆ ಅದೇ ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಲ್ಲಿ ನೀವು ಹೇಳಿದ ಹಾಗೆ ಕೊನೆಗೆ. ನಾನು ಬರೆದದ್ದು ದಿನಬಳಕೆಯ ನಾಮಪದಗಳಿಗೆ.

ಹೇಗ್ ಸೈಕಲ್ ಸವಾರ
ಊರುಗಳನ್ನೂ ಸೇರಿಸಿ. ಕೊನೆಯಲ್ಲಿ 'ಡಾಮ್' ಇದ್ದರೆ ಒತ್ತು ಅಲ್ಲೇ: ಆಮ್ಸ್ಟರ್'ಡಾಮ್, ರೋಟರ್'ಡಾಮ್, ಸ್ಖೀ'ಡಾಮ್. ಅಕ್ಕನ ಊರೂ ಆಮ್ಸ್ಟೆಲ್'ವೇನ್. ಆದರೆ 'ಐಂಟ್‌ಹೋವನ್, 'ವೆಲ್ಟ್‌ಹೋವನ್. ಸ್ಖೇವನಿಂಗನ್ ನೋಡಲು ಉದ್ದ, ಒತ್ತು ಮಾತ್ರ ಮೊದಲಿಗೆ. ರೈಲಿನಲ್ಲಿ ಪ್ರಕಟಣೆ ಬರುವಾಗ ಕಿವಿ ಕೊಟ್ಟು ಕೇಳಿ. ನಾನು ಕಲಿತದ್ದು ಹಾಗೆ.

ಲೇಡನ್ ವಿದ್ಯಾರ್ಥಿ
ಇನ್ನೊಂದು ಗುಂಪು ಇದೆ, ಅದರಲ್ಲಿ ಕ್ರಮ ಕಾಣುತ್ತದೆ. ಗುಣವಾಚಕ ಮೊದಲು ಬರುವ ಜೋಡಿಪದ. ಗುಣವಾಚಕದ ಕೊನೆಯಲ್ಲಿ 'ಎ' ಇದ್ದರೆ ಒತ್ತು ಸಾಮಾನ್ಯವಾಗಿ ಎರಡನೆಯದಕ್ಕೆ: ಕೆಂಪು ಕೋಸು ರೋಡೆ'ಕೋಲ್, ಉನ್ನತ ಶಿಕ್ಷಣ ಸಂಸ್ಥೆ ಹೋಖೆ'ಸ್ಖೋಲ್, ಯುವಕ ಯೋಂಗೆ'ಮಾನ್. 'ಎ' ಇಲ್ಲದಿದ್ದರೆ ಮೊದಲಿಗೆ: ಚಿಲ್ಲರೆ ದುಡ್ಡು 'ಕ್ಲೈನ್-ಖೆಲ್ಟ್, ಬಿಳಿ ಬ್ರೆಡ್ 'ವಿಟ್-ಬ್ರೋಟ್. 'ರೈಕ್ಸ್' ಸೇರಿದ ಸರ್ಕಾರಿ ಹೆಸರುಗಳಲ್ಲಿ ಒತ್ತು ಎರಡನೇ ಪದಕ್ಕೆ ಹೋಗುವುದುಂಟು. ಎಲ್ಲರಿಗೂ ಗೊತ್ತಿರುವ ಮ್ಯೂಸಿಯಂ ರೈಕ್ಸ್‌ಮ್ಯು'ಝೇಯುಮ್. ರಸ್ತೆ ಮತ್ತು ಜಲಮಾರ್ಗ ನೋಡಿಕೊಳ್ಳುವ ಇಲಾಖೆ ರೈಕ್ಸ್'ವಾಟರ್‌ಸ್ಟಾಟ್.

ಜೋಡಿಪದದಿಂದ ಗುಣವಾಚಕ ಮಾಡಿದಾಗಲೂ ಒತ್ತು ಜರುಗುತ್ತದೆ. 'ಟೂವಾಲ್ ಅಂದರೆ ಆಕಸ್ಮಿಕ. ಅದಕ್ಕೆ ಬಾಲ ಸೇರಿದರೆ ಟೂ'ವಾಲಿಖ್. 'ಆಂಡಾಖ್ಟ್ ಅಂದರೆ ಗಮನ, ಗಮನವಿಟ್ಟು ಅನ್ನುವಾಗ ಆನ್'ಡಾಖ್ಟಿಖ್.

ಮಂಗಳೂರು ಡೆಲ್ಫ್ಟ್
ಇಷ್ಟು ಓದಿ ತಲೆ ಬಿಸಿ ಆಯಿತು, ಆದರೆ ಉಪಯೋಗ ಆಯಿತು. ನನ್ನ ತೊಂದರೆ ಬೇರೆ. ವ್ಯಂಜನ ಒಟ್ಟಾಗಿ ಬಂದರೆ ನಡುವೆ 'ಉ' ನುಗ್ಗುತ್ತದೆ. ಬಸ್ಸು, ಕಾರು ಅನ್ನುವ ಬಾಯಿ ಅಲ್ವಾ? 'ಝಾಗ್ಡೂಕ್ ಬದಲು ಝಾಕುಡೂಕು ಬರುತ್ತದೆ. ಎರಡು ತುಂಡಿನ ಪದ ನಾಲ್ಕು ತುಂಡಾಗುತ್ತದೆ. ಒತ್ತು ಎಲ್ಲಿ ಹಾಕಿದರೂ ಪದ ಗುರುತು ಸಿಗುವುದಿಲ್ಲ.

ತುಮಕೂರು ಮೇಷ್ಟ್ರು
ಅವರೂ ಹಾಗೇ ಮಾಡುತ್ತಾರಮ್ಮ! ನೀವಿರುವ ಊರನ್ನೇ ಎಷ್ಟೋ ಜನ ಡೆಲುಫ್ಟ್ ಅನ್ನುತ್ತಾರೆ. ಹಾಲಿಗೆ ಮೆಲ್ಕ್ ಎಂದು ಬರೆದು ಮೆಲುಕ್ ಅನ್ನುತ್ತಾರೆ. ನಮ್ಮಲ್ಲಿ ಧರ್ಮ ಧರುಮ ಆದ ಹಾಗೆ, ಭಕ್ತಿ ಬಕುತಿ ಆದ ಹಾಗೆ. ಸ್ವರಭಕ್ತಿ. ಆದರೆ ಅವರದ್ದು ಲ ಅಥವಾ ರ ಆದ ಮೇಲೆ, ಒಂದೇ ಪದದ ಒಳಗೆ. ಜೋಡಿಪದದ ಹೊಲಿಗೆಯಲ್ಲಿ ಹಾಗೆ ಸ್ವರ ತುರುಕುವುದಿಲ್ಲ. ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಎಂದು ಗೊತ್ತಿದ್ದರೆ ಸಾಕು.

ನೈಮೇಗನ್ ಕನ್ನಡಿಗ
ಲೆಕ್ಕದವರು ಮೊದಲು ಕೇಳಿದ್ದಕ್ಕೆ ಒಂದು ಉತ್ತರ ಇಲ್ಲಿದೆ. ನಮ್ಮೂರಿನ ಮ್ಯಾಕ್ಸ್ ಪ್ಲಾಂಕ್ ಭಾಷಾ ಮನೋವಿಜ್ಞಾನ ಸಂಸ್ಥೆಯಲ್ಲಿ ಆನ್ ಕಟ್ಲರ್ ಅವರು ಬಹಳ ವರ್ಷ ಇದೇ ವಿಷಯದ ಮೇಲೆ ಕೆಲಸ ಮಾಡಿದ್ದರು. ಕೇಳುವವರು ಪದವನ್ನು ಗುರುತಿಸಲು ಒತ್ತನ್ನು ಹೇಗೆ ಬಳಸುತ್ತಾರೆ ಎಂಬುದು ಅವರ ಪ್ರಶ್ನೆ. ಮೇಲೆ ಬಂದ 'ವೋರ್ನಾಮ್, ವೋರ್'ನಾಮ್ ಜೋಡಿಯನ್ನೇ ಅವರು ಪರೀಕ್ಷಿಸಿದ್ದರು. ಇಂಗ್ಲಿಷಿನಲ್ಲಿ ಒತ್ತಿಲ್ಲದ ಸ್ವರ ಹೆಚ್ಚಾಗಿ ಮಾಸಿಹೋಗುತ್ತದೆ. ಕೇಳುವವರು ಸ್ವರ ನೋಡಿಯೇ ಪದ ಹಿಡಿಯುತ್ತಾರೆ. ಡಚ್‌ನಲ್ಲಿ ಒತ್ತಿಲ್ಲದಿದ್ದರೂ ಎಷ್ಟೋ ಸ್ವರಗಳು ಪೂರ್ತಿಯಾಗೇ ಉಳಿಯುತ್ತವೆ. ಆಗ ಒತ್ತನ್ನೇ ನಂಬಬೇಕಾಗುತ್ತದೆ. ಇಂಗ್ಲಿಷ್ ಗೊತ್ತಿದ್ದರೆ ಸಾಕು ಎಂದು ಬಂದ ನಮ್ಮಂಥವರು ಇಲ್ಲಿ ಎಡವುವುದು ಇದರಿಂದಲೇ ಎಂದು ನನ್ನ ಅನಿಸಿಕೆ.

ಲೆಕ್ಕದ ಮನುಷ್ಯ
ಒಪ್ಪಿದೆ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಒಂದು ಪ್ರಶ್ನೆ: ಬರೆಯುವಾಗ ಒತ್ತು ತೋರಿಸಲು ದಾರಿ ಇದೆಯಾ? ಇಮೇಲ್‌ನಲ್ಲಿ ವೋರ್ಕೋಮನ್ ಬಂದರೆ ಹೇಗೆ ತಿಳಿಯುವುದು?

ಲೇಡನ್ ವಿದ್ಯಾರ್ಥಿ
ಇದೆ. ಒತ್ತು ಬೀಳುವ ಸ್ವರದ ಮೇಲೆ ಬಲಕ್ಕೆ ವಾಲಿದ ಚಿಕ್ಕ ಗೆರೆ ಎಳೆಯುತ್ತಾರೆ. ಸ್ವರಕ್ಕೆ ಎರಡು ಅಕ್ಷರ ಇದ್ದರೆ ಎರಡರ ಮೇಲೂ. ಗೊಂದಲ ಆಗುವ ಕಡೆ ಮಾತ್ರ, ಎಲ್ಲ ಕಡೆ ಅಲ್ಲ.

ಹಾಸನದ ಅಮ್ಮ
ಮಗಳಿಗೆ ಕೇಳಿ ಇನ್ನೊಂದು ತಂದಿದ್ದೇನೆ. ಡಿ'ಪ್ಲೋಮಾಟ್ಯೆ ಅಂದರೆ ಪುಟ್ಟ ಪ್ರಮಾಣಪತ್ರ. ಡಿಪ್ಲೊ'ಮಾಟ್ಯೆ ಅಂದರೆ ಪುಟ್ಟ ರಾಜತಾಂತ್ರಿಕ. ಬರೆಯುವುದು ಎರಡೂ ಒಂದೇ ತರ. ಈಜು ತರಗತಿಯಲ್ಲಿ ಅವಳಿಗೆ ಮೊದಲನೆಯದು ಸಿಕ್ಕಿದೆ.

ಶಿರಸಿ ಹುಡುಗ
ಅಭಿನಂದನೆ ಪುಟ್ಟಿಗೆ!

ವೆಲ್ಡ್‌ಹೋವನ್ ಹೊಸಬ
ಎಲ್ಲರಿಗೂ ಧನ್ಯವಾದ. ನಾಲ್ಕು ದಿನ ಅಭ್ಯಾಸ ಮಾಡಿದೆ. ಪದಗಳನ್ನು ಕನ್ನಡದಲ್ಲಿ ಬರೆದು, ಹೊಲಿಗೆ ಇರುವ ಕಡೆ ಪೆನ್ನಿನಿಂದ ಗೆರೆ ಎಳೆದೆ. ಎಡಗಡೆಯ ಪದವನ್ನು ಮೊದಲು ಒಂಟಿಯಾಗಿ ಹತ್ತು ಸಲ ಹೇಳಿ, ಆಮೇಲೆ ಜೋಡಿ ಹೇಳಿದೆ. ಮೇಷ್ಟ್ರು ಹೇಳಿದ 'ಟ' ತುಂಬಾ ಸಹಾಯ ಮಾಡಿತು.

ನಿನ್ನೆ ಸಂಜೆ ಅಜ್ಜಿ ಬಾಗಿಲ ಹತ್ತಿರ ಇದ್ದರು. 'ಆವೊಂಟ್-ಏಟನ್ ಆಯಿತಾ ಎಂದು ಕೇಳಿದೆ. ಒಂದೇ ಸಲಕ್ಕೆ ಅರ್ಥವಾಯಿತು. ಇನ್ನೂ ಇಲ್ಲ, ಒಲೆ ಮೇಲಿದೆ ಎಂದರು. ಏನು ಅಡುಗೆ ಎಂದೆ. ಬೂರನ್'ಕೋಲ್ ಎಂದರು. ಆಲೂಗೆಡ್ಡೆ ಜೊತೆ ಮಸೆದು ಮಾಡುವ ಸೊಪ್ಪಿನ ಕೋಸು. ಒತ್ತು ಕೊನೆಗೆ ಬಿದ್ದದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಹೂಕೋಸಿಗೆ 'ಬ್ಲೂಮ್‌ಕೋಲ್ ಅನ್ನುತ್ತಾರಲ್ಲ, ಅದರಲ್ಲಿ ಒತ್ತು ಮೊದಲಿಗೆ. ಎರಡೂ ಕೋಸೇ. ಇದು ಯಾಕೆ ಹೀಗೆ?

ಲೇಡನ್ ವಿದ್ಯಾರ್ಥಿ
ಸ್ಟಾಟ್'ಹೌಸ್ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ಮಂಗಳೂರು ಡೆಲ್ಫ್ಟ್
ಬೂರನ್'ಕೋಲ್‌ಗೆ ಸಾಸಿವೆ, ಒಣಮೆಣಸು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ನೋಡಿ. ತೆಂಗಿನಕಾಯಿ ತುರಿಯೂ ಇದ್ದರೆ ನಮ್ಮ ಪಲ್ಯವೇ. ಅಜ್ಜಿಗೂ ಒಂದು ಬಟ್ಟಲು ಕೊಡಿ.

ಆಮ್ಸ್ಟೆಲ್‌ವೇನ್ ಅಕ್ಕ
ಹೊಸಬರೇ, ಪರೀಕ್ಷೆ ಯಾವತ್ತು? ಶನಿವಾರ ಬೆಳಿಗ್ಗೆ 10ಕ್ಕೆ ನಾನು ಬಿಡುವಾಗಿರುತ್ತೇನೆ. ಫೋನಿನಲ್ಲಿ ಅರ್ಧ ಗಂಟೆ ಡಚ್‌ನಲ್ಲೇ ಮಾತಾಡೋಣ. ಬೇರೆ ಯಾರಿಗಾದರೂ ಬೇಕಿದ್ದರೆ ಇಲ್ಲೇ ಹೇಳಿ.

ಲೆಕ್ಕದ ಮನುಷ್ಯ
ನಾನೂ ಬರುತ್ತೇನೆ ಅಕ್ಕ.

ಹಾಸನದ ಅಮ್ಮ
ನಾನೂ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ, ತಪ್ಪಿದರೆ ಅವಳು ಹೇಳಲಿ.